ಕೆರೆ ಅಂಗಳದ ಸೈಟು

"ಮೂರು ಕಡೆ ಬಡಾವಣೆ ಆಗ್ತಾ ಐತೆ. ಹೋಗಿ ನೋಡ್ಕೊಂಡು ಬನ್ನಿ. ನಿಮಗೆ ಯಾವ್ದು ಹಿಡಿಸ್ತದೋ ಅಲ್ಲೇ ಸೈಟು ಕೊಡಿಸ್ತೀನಿ."

ಪಂಚಾಯ್ತಿ ಚೇರ್ಮನ್ ಆದಿನಾರಾಯಣಪ್ಪ ಹೀಗೆ ಹೇಳಿದಾಗ ಸಪ್ಪಲಮ್ಮನಿಗೆ ಹೆದರಿಕೆಯಾಯಿತು. ಗುಟ್ಟೆಯ ಮೇಲಿನ ಜನರನ್ನು 'ನಿಮಗೇನು ಬೇಕು' ಎಂದು ಆ ಮನೆತನದವರು ಕೇಳಿದ್ದು ಅದೇ ಮೊದಲು. ಅವನ ಅಪ್ಪ ಕೇಳಿರಲಿಲ್ಲ. ಅಜ್ಜ ಕೇಳಿರಲಿಲ್ಲ. ಅಜ್ಜ ಮಾಡಿದ್ದು ಇಷ್ಟೇ. ಊರಾಚೆಯ ಬಂಡೆಗಳ ಕಡೆ ಕೈ ತೋರಿಸಿ, ಅಲ್ಲಿ ಬಿದ್ದಿರಿ ಎಂದಿದ್ದ. ಇಪ್ಪತ್ತೆರಡು ಮನೆ ಹೊಲೆಯರು ಅಲ್ಲೇ ಬಿದ್ದಿದ್ದರು.

ಹೊಸಕೋಟೆಯಿಂದ ಸೂಲಿಬೆಲೆಗೆ ಹೋಗುವ ದಾರಿಯಲ್ಲಿ ಕಲ್ಲುಮಾಕಲಹಳ್ಳಿ. ಊರು ತಗ್ಗಿನಲ್ಲಿ, ಗುಟ್ಟೆ ಎತ್ತರದಲ್ಲಿ. ಎತ್ತರ ಎಂದರೆ ಮರ್ಯಾದೆಯ ಜಾಗ ಎಂದುಕೊಳ್ಳಬೇಡಿ. ಅಲ್ಲಿ ಹುರುಳಿಯೂ ಬೆಳೆಯುತ್ತಿರಲಿಲ್ಲ. ಕುಡಿಯುವ ನೀರನ್ನು ಅರ್ಧ ಮೈಲಿ ಹೊರಬೇಕು. ಗಾಳಿಗೆ ವರ್ಷಕ್ಕೆರಡು ಸಲ ಗುಡಿಸಲ ಸೋಗೆ ಹಾರಿಹೋಗುತ್ತಿತ್ತು. ಆದರೆ ಎಪ್ಪತ್ತಮೂರರಲ್ಲಿ ರಸ್ತೆಗೆ ಡಾಂಬರು ಬಿತ್ತು. ಗಂಟೆಗೊಂದು ಬಸ್ಸು ಬಂತು. ಬೆಂಗಳೂರಿನಿಂದ ಭಾನುವಾರ ಕಾರಿನಲ್ಲಿ ಬಂದವರು ಗುಟ್ಟೆ ಹತ್ತಿ ನಿಂತು ಏನು ಗಾಳಿ, ಏನು ಗಾಳಿ ಎಂದರು. ಮೂರು ತಲೆಮಾರು ಬೀಸಿದ ಗಾಳಿ ಆ ವರ್ಷ ಒಳ್ಳೆಯದಾಯಿತು.

ಅದಾದ ಮೇಲೆಯೇ ಚೇರ್ಮನ್ನನಿಗೆ ಹೊಲಗೇರಿಯ ಮೇಲೆ ಕರುಣೆ ಹುಟ್ಟಿದ್ದು.

ನೋಡಿ ಬರಲು ಮೂವರು ಹೊರಟರು. ಕೇರಿಯ ಹಿರಿಯ ದೊಡ್ಡಮುನಿಯಪ್ಪ, ಓದು ಬಲ್ಲ ಆಂಜಿನಪ್ಪ, ಅವನ ಅತ್ತಿಗೆ ಸಪ್ಪಲಮ್ಮ. ಹೆಂಗಸು ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳು ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಅವಳ ಗಂಡನ ಮನೆಯವರು ಹಿಂದಿನಿಂದ ಮಾಡಿಕೊಂಡು ಬಂದ ಚಾಕರಿ. ಒಂದು ಗದ್ದೆಯ ಸರದಿ ಮುಗಿದರೆ ನೀರುಗಂಟಿ ಬದುವಿನ ಮೇಲೆ ಒಂದು ಲಕ್ಕಿ ಕೊಂಬೆ ನೆಡಬೇಕು. ನೆಟ್ಟರೆ ನೀರು ಅದನ್ನು ದಾಟುವಂತಿಲ್ಲ. ಪಟೇಲನೇ ಆಗಲಿ, ಕೊಂಬೆ ಕೀಳುವಂತಿಲ್ಲ. ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಕೈ ನೆಟ್ಟ ಕೊಂಬೆಗೆ ಊರೇ ತಲೆಬಾಗುತ್ತಿತ್ತು. ಕೊಂಬೆಗೆ ಮಾತ್ರ.

ಗಂಡ ಮುನಿಸ್ವಾಮಿ ಸತ್ತ ಮೇಲೆ ಚಾಕರಿ ಇವಳಿಗೆ ಬಂತು. ಬಂದ ವರ್ಷದಿಂದ ಕೆರೆ ತುಂಬಲಿಲ್ಲ. ಹತ್ತು ವರ್ಷವಾಯಿತು. ಗದ್ದೆಯವರು ನೀಲಗಿರಿ ಹಾಕಿಕೊಂಡರು. ಸುಗ್ಗಿಯಲ್ಲಿ ಕೊಡುತ್ತಿದ್ದ ಮೊರದ ರಾಗಿ ನಿಂತಿತು. ಒಣಗಿದ ಕೆರೆಗೆ ಹೆಂಗಸು ನೀರುಗಂಟಿಯಾದರೆ ಯಾರ ಗಂಟು ಹೋಗುತ್ತದೆ, ಇರಲಿ ಬಿಡಿ ಎಂದು ಊರವರು ಸುಮ್ಮನಿದ್ದರು. ಸಪ್ಪಲಮ್ಮ ಹೊಸ ಬಡಾವಣೆಗಳಲ್ಲಿ ಮಣ್ಣು ಹೊತ್ತು ಬದುಕಿದಳು. ಯಾವ ಬಡಾವಣೆಯಲ್ಲಿ ಕೆಂಪು ಮಣ್ಣು, ಎಲ್ಲಿ ಜೇಡಿ, ಎಲ್ಲಿ ಪಾಯಕ್ಕೆ ಕಲ್ಲು ಸಿಗುತ್ತದೆ ಎನ್ನುವುದು ಅವಳ ಕತ್ತಿಗೆ ಗೊತ್ತಿತ್ತು.

ಮೊದಲು ಹೊಸಕೋಟೆ ಪೇಟೆಯ ಅಂಚಿನ ಬಡಾವಣೆಗೆ ಹೋದರು. ನೆಟ್ಟಗಿನ ರಸ್ತೆಗಳು, ಲೈಟು ಕಂಬ, ಮೂಲೆಯಲ್ಲಿ ನಲ್ಲಿ. ಆಂಜಿನಪ್ಪ ನಲ್ಲಿ ತಿರುಗಿಸಿ ನೋಡಿದ. ನೀರು ಬಂತು. ಅವನು ನಕ್ಕ. ಎದುರು ಮನೆಯ ಹೆಂಗಸು ಜಗಲಿಗೆ ಬಂದಳು.

"ಯಾರಪ್ಪಾ ಅದು ನಲ್ಲಿ ಮುಟ್ಟಿದ್ದು? ಯಾವ ಮನೆ ಪಾಯಕ್ಕೆ ಬಂದಿರೋರು ನೀವು?"

"ಪಾಯಕ್ಕಲ್ಲಮ್ಮ. ಸೈಟು ನೋಡೋಕೆ ಬಂದ್ವಿ" ಎಂದ ಆಂಜಿನಪ್ಪ.

"ಸೈಟಾ? ಯಾವ ಜನ ನೀವು?"

ಆಂಜಿನಪ್ಪ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮುನಿಯಪ್ಪ ತಲೆಯ ವಸ್ತ್ರ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಎಪ್ಪತ್ತು ವರ್ಷದ ಅಭ್ಯಾಸ. ಉತ್ತರ ಅದರಲ್ಲೇ ಸಿಕ್ಕಿತು. ಹೆಂಗಸು ಒಳಗೆ ಹೋಗಿ ಒಂದು ಬಿಂದಿಗೆ ನೀರು, ಹುಣಸೆಹಣ್ಣು ತಂದು ಇವರ ಕಣ್ಣೆದುರೇ ನಲ್ಲಿ ತಿಕ್ಕತೊಡಗಿದಳು. ನಿಮ್ಮ ಸೈಟು ಅಲ್ಲಿ ಎಂದು ಬಡಾವಣೆಯ ಗುಮಾಸ್ತ ತೋರಿಸಿದ ಜಾಗ ಪೇಟೆಯ ಮಲದ ಗಾಡಿಗಳನ್ನು ಸುರಿಯುವ ಗುಂಡಿಯ ಆಚೆ ಇತ್ತು. ಮೂಗು ಮುಚ್ಚಿಕೊಂಡು ಅವನೂ ಅಷ್ಟು ದೂರ ಬರಲಿಲ್ಲ.

ಎರಡನೆಯದು ದೇವನಹಳ್ಳಿ ಕಡೆ. ಎರಡು ಬಸ್ಸು ಬದಲಿಸಿ, ನಲ್ಲೂರಿನ ಹುಣಸೆ ತೋಪು ದಾಟಿ ಇನ್ನೂ ನಡೆಯಬೇಕು. ಬರೀ ಬಯಲು. ಮಗ್ಗುಲಲ್ಲಿ ಕಲ್ಲು ಕ್ವಾರಿ. ಇವರು ನಿಂತಿದ್ದಾಗಲೇ ಸಿಡಿಮದ್ದು ಹಾರಿ ಗೇಣುದ್ದದ ಕಲ್ಲೊಂದು ಸೈಟಿನ ನಡುವೆ ಬಿತ್ತು. ಅಲ್ಲಿ ಕೂಲಿ ಯಾರು ಕೊಡುತ್ತಾರೆ ಎಂದು ದೊಡ್ಡಮುನಿಯಪ್ಪ ಕೇಳಿದ. ಬಂದ ದಾರಿಯಲ್ಲೇ ವಾಪಸು ಬಂದರು.

ಮೂರನೆಯದು ಊರ ಮಗ್ಗುಲಲ್ಲೇ ಇತ್ತು. ಕೆರೆಯ ಅಂಗಳ. ಹತ್ತು ವರ್ಷ ನೀರು ಕಾಣದ ನೆಲ, ಅಂಗೈ ಹಾಗೆ ಸಮ. ಸುಣ್ಣ ಬಳಿದ ಕಲ್ಲು ನೆಟ್ಟು ಸಾಲಾಗಿ ಸೈಟು ಮಾಡಿದ್ದರು. ಶಾಲೆಗೆ ಕೂಗಳತೆ. ಆಂಜಿನಪ್ಪನ ಮಗಳು ಮೂರನೇ ಕ್ಲಾಸು. ಅವನು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೆಜ್ಜೆ ಹಾಕಿ ಅಳೆದ. ಬಾಗಿಲು ಇಲ್ಲಿ, ಒಲೆ ಇಲ್ಲಿ ಎಂದು ಗಾಳಿಯಲ್ಲೇ ಮನೆ ಕಟ್ಟಿದ.

ಚೇರ್ಮನ್ ಮೊದಲೇ ಬಂದು ನಿಂತಿದ್ದ. ತೆಂಗಿನಕಾಯಿ, ಊದುಬತ್ತಿ ಎಲ್ಲ ತಯಾರಿತ್ತು. ಕೇರಿಯವರೂ ಬಂದು ಸೇರಿದ್ದರು.

"ಬಾರಮ್ಮ ಸಪ್ಪಲಮ್ಮ. ನೀನು ಊರ ನೀರುಗಂಟಿ. ನಿನ್ನ ಕೈಯಿಂದ್ಲೇ ಒಳ್ಳೇದಾಗ್ಲಿ. ಮೂಲೆ ಕಲ್ಲತ್ರ ಒಂದು ಕೊಂಬೆ ನೆಡು."

ಹೀಗೆಂದು ಅವನು ಎಲೆ ಅಡಿಕೆ ಕೊಟ್ಟ. ನೆಲದ ಮೇಲಿಟ್ಟು ಸರಿದು ನಿಲ್ಲಲಿಲ್ಲ, ಎಸೆಯಲಿಲ್ಲ. ಅವಳ ಕೈಯಲ್ಲೇ ಇಟ್ಟ. ಆ ಮನೆಯವರ ಕೈ ತನ್ನ ಕೈಗೆ ತಾಗಿದ್ದು ಸಪ್ಪಲಮ್ಮನ ನಲವತ್ತು ವರ್ಷದಲ್ಲಿ ಅದೇ ಮೊದಲು. ಎಲೆ ಅಡಿಕೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಕೆರೆ ತುಂಬಿದರೆ ನೀರು ಎಲ್ಲಿಗೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸುಳ್ಳೇಕೆ ಹೇಳಬೇಕು, ಗೊತ್ತಿತ್ತು. ಆದರೆ ಹತ್ತು ವರ್ಷದಿಂದ ತುಂಬದ ಕೆರೆ. ಪೂಜೆಗೆ ಒಂದು ಕೊಂಬೆ, ಅದರಲ್ಲೇನಿದೆ ಎಂದುಕೊಂಡಳು. ಅವಳಿಗೂ ಒಂದು ಮನೆ ಬೇಕಿತ್ತು. ಏರಿಯ ಮೇಲಿನ ಲಕ್ಕಿ ಗಿಡದಿಂದ ಕೊಂಬೆ ಮುರಿದು ತಂದು ಮೂಲೆ ಕಲ್ಲಿನ ಬುಡದಲ್ಲಿ ನೆಟ್ಟಳು. ಜನ ಕೈ ಮುಗಿದರು.

ಮಾರನೆಯ ಬೆಳಿಗ್ಗೆ ಪಕ್ಕದ ಗುಡಿಸಲಿನ ಲಕ್ಕಮ್ಮ ಮಡಕೆ ಕುಡಿಕೆ ಜೋಡಿಸುತ್ತಿದ್ದಳು.

"ಏನೇ ಲಕ್ಕಮ್ಮ, ಇನ್ನೂ ಸೈಟಿನ ಕಾಗದಕ್ಕೆ ಹೆಬ್ಬೆಟ್ಟೇ ಒತ್ತಿಲ್ಲ, ಆಗ್ಲೇ ಗಂಟು ಕಟ್ತಾ ಇದೀಯ?"

"ಸೋಮಾರ ಒತ್ತೋದೇ ಅಲ್ವಾ ಅಕ್ಕಯ್ಯ. ನಮ್ಮನೇರು ಕೆರೆ ಅಂಗ್ಳ ಬ್ಯಾಡ ಅಂತ ಕುಂತಿದ್ರು. ನೀನೇ ಕೊಂಬೆ ನೆಟ್ಟ ಮ್ಯಾಕೆ ಇನ್ಯಾತರ ಭಯ ಅಂದೆ. ನೀರುಗಂಟಿ ಕೊಂಬೆ ದಾಟಿ ನೀರು ಬತ್ತದಾ?"

ಸಪ್ಪಲಮ್ಮ ಕೆರೆಯಂಗಳದ ಕಡೆ ತಿರುಗಿ ನೋಡಿದಳು. ಊರಿಗೆ ಅದು ಪೂಜೆಯ ಕೊಂಬೆ. ತನ್ನ ಜನಕ್ಕೆ ಅದು ನೀರುಗಂಟಿಯ ಮಾತು. ಚೇರ್ಮನ್ನನಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಲೆ ಅಡಿಕೆ ಕೈಗೆ ಕೊಟ್ಟದ್ದು ಅದಕ್ಕೇ.

ಸಂಜೆ ಸನಿಕೆ ಹಿಡಿದು ಒಬ್ಬಳೇ ಕೆರೆಯಂಗಳಕ್ಕೆ ಹೋದಳು. ಆಂಜಿನಪ್ಪ ಅಳೆದಿದ್ದ ಸೈಟಿನಲ್ಲೇ ಅಗೆದಳು. ಮೊಣಕೈ ಆಳಕ್ಕೆ ಕಪ್ಪು ಗೋಡುಮಣ್ಣು, ಅದರಲ್ಲಿ ಬಸವನಹುಳದ ಚಿಪ್ಪು. ಇನ್ನೂ ಅಗೆದಳು. ಮಣ್ಣು ತಣ್ಣಗಿತ್ತು. ಗುಂಡಿಯ ತಳದಲ್ಲಿ ನೀರು ಜಿನುಗಿತು. ಕೆರೆ ಸತ್ತಿರಲಿಲ್ಲ. ಮೂಡಲಲ್ಲಿ ಮೋಡ ಕಟ್ಟಿತ್ತು, ಗಾಳಿ ಪೂರ್ತಿ ನಿಂತುಹೋಗಿತ್ತು. ಏಡಿಗಳು ಬಿಲ ಬಿಟ್ಟು ಏರಿಯ ಕಡೆ ಹರಿದು ಹೋಗುತ್ತಿದ್ದವು. ಅವು ಏರಿ ಹತ್ತಿದರೆ ಕೆರೆಗೆ ನೀರು ಬಂತೆಂದೇ ಅರ್ಥ ಎಂದು ಗಂಡ ಹೇಳಿಕೊಟ್ಟಿದ್ದ.

ಅವನು ಸತ್ತದ್ದೂ ಅಲ್ಲೇ. ಆ ವರ್ಷ ಕೆರೆ ತುಂಬಿ ಏರಿ ಒಡೆಯುವಂತಾಗಿತ್ತು. ತೂಬಿನ ಬಿರಡೆ ಸಿಕ್ಕಿಕೊಂಡಿತ್ತು. ಚೇರ್ಮನ್ನನ ಅಪ್ಪ, ಆಗಿನ ಪಟೇಲ, ಏರಿಯ ಮೇಲೆ ಛತ್ರಿ ಹಿಡಿದು ನಿಂತು, ಮುಳುಗೋ ಲೇ, ಮುಳುಗೋ ಎಂದು ಕೂಗಿದ. ಮುನಿಸ್ವಾಮಿ ಸೊಂಟಕ್ಕೆ ಹಗ್ಗ ಬಿಗಿದು ಮುಳುಗಿದ. ಬಿರಡೆ ಬಿಟ್ಟಿತು. ನೀರು ಅವನ ಕಾಲನ್ನು ತೂಬಿನ ಬಾಯಿಗೆ ಎಳೆದುಕೊಂಡಿತು. ಹಗ್ಗ ಎಳೆದರೂ ಬರಲಿಲ್ಲ. ನೀರು ಇಳಿದ ಮೇಲೆ ತೆಗೆಯೋಣ, ಈಗ ತೂಬು ಹರಿಯಲಿ ಎಂದ ಪಟೇಲ. ಎರಡು ದಿನ ಹರಿಯಿತು. ಎರಡು ದಿನ ಸಪ್ಪಲಮ್ಮ ಏರಿಯ ಮೇಲೆ ಕೂತಿದ್ದಳು. ಹೆಣ ತೆಗೆದಾಗ ಪಟೇಲ ಹೇಳಿದ್ದು ಒಂದೇ ಮಾತು, ಪೈರು ಉಳೀತು ಕಣಮ್ಮ ಎಂದು.

ಅಂದು ನೀರು ನಿಂತ ಗುರುತು ತೂಬುಗಲ್ಲಿನ ಮೇಲೆ ಇನ್ನೂ ಇತ್ತು. ಸಪ್ಪಲಮ್ಮ ಅದರ ಪಕ್ಕ ನಿಂತು ನೋಡಿದಳು. ಅಷ್ಟು ನೀರು ನಿಂತರೆ ಮೂಲೆ ಕಲ್ಲಿನ ಮೇಲೆ ಎರಡಾಳು ನೀರು.

ಆಂಜಿನಪ್ಪನಿಗೆ ಹೇಳಿದಳು. ಅವನು ಸಿಟ್ಟಾದ.

"ಈಗ್ಯಾಕೆ ಹಿಂಗಂತೀಯ ಅತ್ಗೆ? ಹೊಸಕೋಟೇಲಿ ನಲ್ಲಿ ತಿಕ್ಕಿದ್ದು ನೋಡ್ಲಿಲ್ವಾ? ದೇವನಳ್ಳೀಲಿ ತಲೆ ಮ್ಯಾಲೆ ಕಲ್ಲು. ಇನ್ನೆಲ್ಲಿ ಹೋಗೋಣ?"

"ಎಲ್ಲೂ ಬ್ಯಾಡ. ಇಲ್ಲೇ ಇರಾಣ."

"ಈ ಬಂಡೆ ಮ್ಯಾಲಾ? ಇದಕ್ಕೆ ಕಾಗದ ಐತಾ ನಮ್ಮತ್ರ? ಅಲ್ಲಿ ಹಕ್ಕುಪತ್ರ ಕೊಡ್ತಾರೆ. ನನ್ನ ಹೆಸ್ರು ಇರ್ತದೆ ಅದ್ರಲ್ಲಿ."

ಹೆಸರು ಬರೆದ ಒಂದು ಕಾಗದಕ್ಕಾಗಿ ಮನುಷ್ಯ ಕೆರೆಗೂ ಇಳಿಯುತ್ತಾನೆ. ಅವನ ಮೇಲೆ ಅವಳಿಗೆ ಕೋಪ ಬರಲಿಲ್ಲ, ಸಂಕಟವಾಯಿತು.

ಭಾನುವಾರ ಮಧ್ಯಾಹ್ನ ಗುಟ್ಟೆಗೆ ಬೆಂಗಳೂರಿನ ಗಂಡ ಹೆಂಡತಿ ಬಂದರು. ಜೊತೆಗೆ ಚೇರ್ಮನ್ನನ ಗುಮಾಸ್ತ. ಹೆಂಡತಿ ಮೂಗಿಗೆ ಸೆರಗು ಹಿಡಿದು, ಗಂಡ ಟೇಪು ಹಿಡಿದು ಗುಡಿಸಲುಗಳ ನಡುವೆ ನಡೆದರು.

"ಕೆಂಗೇರಿ ನೋಡಿದ್ವಿ, ಯಲಹಂಕ ನೋಡಿದ್ವಿ, ನೆಲಮಂಗಲ ಕಡೆ ಎರಡು ಲೇಔಟು ನೋಡಿದ್ವಿ" ಎಂದಳು ಹೆಂಡತಿ. "ಒಂದು ಕಡೆ ಬಸ್ಸಿಲ್ಲ, ಒಂದು ಕಡೆ ಸೊಳ್ಳೆ. ಇದೇ ವಾಸಿ ಕಣ್ರೀ. ಎತ್ತರದಲ್ಲಿದೆ, ಮಳೆ ಬಂದ್ರೆ ನೀರು ನಿಲ್ಲಲ್ಲ."

"ಈ ಗುಡಿಸಲುಗಳು?" ಎಂದು ಗಂಡ ಕೇಳಿದ.

"ಸೋಮವಾರ ಹೆಬ್ಬೆಟ್ಟು, ದೀಪಾವಳಿ ಹೊತ್ತಿಗೆ ಎಲ್ಲ ಖಾಲಿ ಸಾರ್" ಎಂದ ಗುಮಾಸ್ತ.

ಸಪ್ಪಲಮ್ಮ ಅವರಿಂದ ನಾಲ್ಕು ಮಾರು ದೂರದಲ್ಲಿ ರಾಗಿ ಬೀಸುತ್ತಿದ್ದಳು. ಅವಳಿಗೆ ಕಿವಿ ಇದೆ ಎಂದು ಮೂವರಿಗೂ ಅನಿಸಲಿಲ್ಲ. ಹೆಂಡತಿ ಅವಳ ಗುಡಿಸಲಿನ ಬಾಗಿಲ ಮುಂದೆ ನಿಂತು, ಇಲ್ಲಿ ಪೋರ್ಟಿಕೋ ಬರಲಿ ಎಂದಳು.

ಸೋಮವಾರ ಶಾಲೆಯ ಜಗಲಿಯ ಮೇಲೆ ಮೇಜು ಹಾಕಿದ್ದರು. ಚೇರ್ಮನ್, ಗುಮಾಸ್ತ, ಶಾಯಿಯ ಡಬ್ಬಿ. ಕೇರಿಯವರು ಅಂಗಳದ ಬಿಸಿಲಿನಲ್ಲಿ ಕೂತಿದ್ದರು. ಗುಟ್ಟೆ ಬಿಟ್ಟುಕೊಟ್ಟು ಕೆರೆಯಂಗಳ ಒಪ್ಪಿದ್ದೇವೆ ಎಂದು ಕಾಗದದಲ್ಲಿತ್ತು. ಗುಮಾಸ್ತ ಒಪ್ಪಿದ್ದೇವೆ ಎನ್ನುವುದನ್ನು ಮಾತ್ರ ಓದಿದ. ಆಂಜಿನಪ್ಪ ಎಲ್ಲರಿಗಿಂತ ಮೊದಲು ಎದ್ದು ಹೋದ. ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದ. ಆಮೇಲೆ ಎಂಟು ಜನ ಸಾಲಾಗಿ ಶಾಯಿಗೆ ಬೆರಳು ಅದ್ದಿಕೊಂಡು ನಿಂತರು.

"ತಡೀರಿ" ಎಂದಳು ಸಪ್ಪಲಮ್ಮ.

"ಏನಮ್ಮ?"

"ಕೆರೆ ಅಂಗ್ಳದಾಗೆ ನೀರು ಬತ್ತದೆ ಬುದ್ಧಿ. ಈ ವರ್ಷವೇ ಬತ್ತದೆ."

ಚೇರ್ಮನ್ ನಕ್ಕ. "ಕೆರೆ ಸತ್ತು ಹತ್ತು ವರ್ಷ ಆಯ್ತು. ಎಂಜಿನಿಯರ್ ಬರ್ದು ಕೊಟ್ಟವ್ನೆ."

"ಎಂಜಿನೇರು ಅಲ್ಲಿ ಮುಳುಗಿ ನೋಡವ್ರಾ? ನನ್ ಗಂಡ ನೋಡವ್ನೆ."

ಚೇರ್ಮನ್ನನ ಮುಖ ಬಿಗಿಯಿತು.

"ಅಲ್ಲಮ್ಮಾ, ನೀನೇ ಕೊಂಬೆ ನೆಟ್ಟೆ. ಊರೆಲ್ಲ ನೋಡೈತೆ. ನೀರುಗಂಟಿ ಆಗಿ ಸುಳ್ಳು ನೆಟ್ಟ್ಯಾ?"

ಇದೇ ಅವಳು ಹೆದರಿದ್ದ ಮಾತು. ನೀರಿನ ವಿಷಯದಲ್ಲಿ ಸುಳ್ಳಾಡಿದ ನೀರುಗಂಟಿ ಚಾಕರಿ ಬಿಡಬೇಕು, ಮತ್ತೆ ಏರಿ ಹತ್ತುವಂತಿಲ್ಲ. ಅವಳ ಹತ್ತಿರ ಇದ್ದದ್ದು ಅದೊಂದೇ. ಅದೂ ಬರಿಗೈ ಚಾಕರಿ. ಆದರೂ ಅವಳ ಮಾತಿಗೆ ಈ ಭೂಮಿಯ ಮೇಲೆ ಒಂದು ಬೆಲೆ ಇತ್ತು ಎಂದರೆ ಅದರಿಂದಲೇ. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ಹೂಂ. ಸುಳ್ಳು ನೆಟ್ಟೆ" ಎಂದಳು. ತಿರುಗಿ ತನ್ನ ಜನರ ಕಡೆ ನೋಡಿದಳು. "ಎಲೆ ಅಡಿಕೆ ಕೈಗೆ ಕೊಟ್ರಲ್ಲ, ಅಷ್ಟಕ್ಕೇ ಮರ್ತೆ. ತಪ್ಪಾಯ್ತು. ಇವತ್ತಿಂದ ನಾನು ನೀರುಗಂಟಿ ಅಲ್ಲ. ಆದ್ರೆ ಮೂಲೆ ಕಲ್ಲ ಮ್ಯಾಲೆ ಎರಡಾಳು ನೀರು ನಿಂತದೆ. ಗುಟ್ಟೆ ಯಾಕೆ ಬೇಕಂತೆ ಕೇಳ್ರಿ ಇವ್ರನ್ನ. ಅಲ್ಲಿ ನೀರು ನಿಲ್ಲಲ್ಲ ಅಂತ. ಬೆಂಗ್ಳೂರೋರು ನಮ್ ಬಾಗ್ಲಲ್ಲೇ ಅಳತೆ ಮಾಡ್ಕೊಂಡು ಹೋದ್ರು."

ಲಕ್ಕಮ್ಮನ ಗಂಡ ಸಪ್ಪಲಮ್ಮನತ್ತ ಉಗಿದ. ಮೊದಲೇ ಹೇಳೋಕೆ ನಿನ್ನ ಬಾಯಿಗೇನು ಬಡಿದಿತ್ತು ಎಂದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಮುದುಕ ದೊಡ್ಡಮುನಿಯಪ್ಪ ಶಾಯಿಯ ಬೆರಳನ್ನು ಶಾಲೆಯ ಬಿಳಿ ಗೋಡೆಗೆ ಒರೆಸಿದ. ಅವನ ಹಿಂದಿದ್ದವರೂ ಒರೆಸಿದರು. ಗೋಡೆಯ ಮೇಲೆ ಎಂಟು ನೀಲಿ ಕಲೆ ಬಿದ್ದವು.

ಆಂಜಿನಪ್ಪ ಮಾತ್ರ ಒರೆಸಲಾರ. ಅವನು ಸಹಿ ಹಾಕಿದ್ದ. ಅದೇ ವಾರ ಹೆಂಡತಿ ಮಗಳನ್ನು ಕರೆದುಕೊಂಡು ಕೆರೆಯಂಗಳಕ್ಕೆ ಇಳಿದ. ಅತ್ತಿಗೆಯೊಡನೆ ಮಾತು ಬಿಟ್ಟ. ಮಣ್ಣು ಕಲಸಿ ಎದೆಯುದ್ದ ಗೋಡೆ ಎಬ್ಬಿಸಿದ. ಚೇರ್ಮನ್ ಬಂದವರಿಗೆಲ್ಲ ಆ ಗೋಡೆ ತೋರಿಸುತ್ತಿದ್ದ.

ಮಳೆ ದೀಪಾವಳಿಗೆ ಮುಂಚೆ ಹಿಡಿಯಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಮೇಲಿನ ಕೆರೆಗಳು ಕೋಡಿ ಬಿದ್ದು ಕಾಲುವೆ ಕೆಂಪಗೆ ಬಂತು. ಐದನೆಯ ಬೆಳಿಗ್ಗೆ ಸಪ್ಪಲಮ್ಮ ಗುಟ್ಟೆಯ ಅಂಚಿನಲ್ಲಿ ನಿಂತು ನೋಡಿದಳು. ಸುಣ್ಣದ ಕಲ್ಲುಗಳ ಮೊದಲ ಸಾಲು ಇರಲಿಲ್ಲ. ಎರಡನೆಯ ಸಾಲಿನ ತುದಿ ಮಾತ್ರ ಕಾಣುತ್ತಿತ್ತು. ಅವಳು ಓಡಿದಳು. ಹಿಂದೆ ದೊಡ್ಡಮುನಿಯಪ್ಪ, ಲಕ್ಕಮ್ಮ, ಲಕ್ಕಮ್ಮನ ಗಂಡ.

ಆಂಜಿನಪ್ಪ ಸೊಂಟದ ನೀರಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ಬೀಳುವ ಗೋಡೆಯನ್ನು ಹಿಡಿದು ನಿಲ್ಲಿಸುವವನಂತೆ. ಮಗಳು ಹೆಂಡತಿಯ ಹೆಗಲ ಮೇಲಿದ್ದಳು. ಸಪ್ಪಲಮ್ಮ ಮಗುವನ್ನು ಇಸಿದುಕೊಂಡಳು.

"ಬಾ ಆಂಜಿ."

"ಹಕ್ಕುಪತ್ರ ಐತೆ ಅತ್ಗೆ" ಎಂದ ಅವನು. ಅಂಗಿಯ ಜೇಬು ತೋರಿಸಿದ. ಜೇಬಿನಿಂದ ಶಾಯಿ ಇಳಿದು ಅಂಗಿಯೆಲ್ಲ ನೀಲಿಯಾಗಿತ್ತು.

ಲಕ್ಕಮ್ಮನ ಗಂಡ ಅವನ ರಟ್ಟೆ ಹಿಡಿದು ಎಳೆದ. ಅವರು ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಗೋಡೆ ಸದ್ದಿಲ್ಲದೆ ನೀರಿಗೆ ಕೂತಿತು. ನಾನು ಹೇಳಲಿಲ್ಲವಾ ಎಂದು ಸಪ್ಪಲಮ್ಮ ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಗುಡಿಸಲಿಗೆ ಕರೆದುಕೊಂಡು ಹೋಗಿ ಬಿಸಿ ಮುದ್ದೆ ಇಟ್ಟಳು.

ಮಳೆ ಬಿಟ್ಟ ಮಾರನೆಯ ದಿನ ಚೇರ್ಮನ್ ಬಂದ. ಕೇರಿಯ ಅಂಚಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಕೆಳಗೆ ಕೆರೆ ಏರಿಯ ತುದಿಯವರೆಗೂ ತುಂಬಿ ನಿಂತಿತ್ತು. ಅವನು ಆ ಕಡೆ ನೋಡಲಿಲ್ಲ.

"ಆದದ್ದಾಯ್ತು. ಗುಟ್ಟೆ ಕೈ ಬದ್ಲಾಗೈತೆ. ಆಂಜಿನಪ್ಪನ ಸಹಿ ಐತೆ ನನ್ನತ್ರ, ಒಬ್ಬನ ಸಹಿ ಎಲ್ರಿಗೂ ಆಗ್ತದೆ. ಕ್ವಾರಿ ಹತ್ರಾನೋ ಹೊಸಕೋಟೆಗೋ ಎಲ್ಲಿಗಾದ್ರೂ ಹೊರಡಿ. ಇವತ್ತೇ ಗುಡಿಸಲು ಕೀಳಿಸ್ತೀನಿ."

"ಯಾರ ಕೈಲಿ ಕೀಳಿಸ್ತೀಯ, ಆದಿನಾರಾಯಣಪ್ಪ?"

ಸಪ್ಪಲಮ್ಮ ಕೇಳಿದ್ದು. ಬುದ್ಧಿ ಎನ್ನಲಿಲ್ಲ. ಹೆಸರು ಹಿಡಿದು, ಏಕವಚನದಲ್ಲಿ ಕೇಳಿದಳು. ಗುಟ್ಟೆಯಲ್ಲಿ ಆ ಹೆಸರನ್ನು ಯಾರೂ ಹಾಗೆ ಬಾಯಲ್ಲಿ ಆಡಿರಲಿಲ್ಲ.

"ಈ ಊರಾಗೆ ಕೀಳೋ ಕೆಲ್ಸ, ಅಗಿಯೋ ಕೆಲ್ಸ, ಹೊರೋ ಕೆಲ್ಸ ಎಲ್ಲ ನಮ್ದೇ. ನಮ್ ಮನೆ ಕೀಳೋಕೂ ನಾವೇ ಬರ್ಬೇಕಾ? ಬರಲ್ಲ."

"ಹೊರಗಿಂದ ಆಳು ತರ್ಸಿದೀನಿ" ಎಂದ ಅವನು. ಮುಖ ಕಪ್ಪಿಟ್ಟಿತ್ತು.

ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಬಂದು ನಿಂತಿತು. ಹಿಂಬದಿಯಲ್ಲಿ ಹಾರೆ, ಪಿಕಾಸಿ ಹಿಡಿದ ಇಪ್ಪತ್ತು ಜನ. ಬರಿಗಾಲು, ಹರಿದ ಬನೀನು. ಯಾವುದೋ ಊರಾಚೆಯ ಕೇರಿಯಿಂದ ಬೆಳಿಗ್ಗೆ ತುಂಬಿಕೊಂಡು ತಂದವರು. ಮೂರ್ನಾಲ್ಕು ಜನ ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು.

ಸಪ್ಪಲಮ್ಮ ಅವರನ್ನು ಕಣ್ತುಂಬ ನೋಡಿದಳು.

"ಅವ್ರೂ ನಮ್ಮಂಥೋರೇ. ಮೊದ್ಲು ಕೆರೆ ತೋರಿಸ್ತೀನಿ ಅವ್ರಿಗೆ. ನಮ್ಗೆ ಎಲ್ಲಿ ಸೈಟು ಕೊಟ್ಟಿದ್ದೆ ಅಂತ ತೋರಿಸ್ತೀನಿ. ಆಮೇಲೂ ಹಾರೆ ಎತ್ತಿದ್ರೆ ಎತ್ತಲಿ, ನಾವಿಲ್ಲೇ ಇರ್ತೀವಿ."

ಸೆರಗನ್ನು ಸೊಂಟಕ್ಕೆ ಬಿಗಿದು ಅವಳು ಲಾರಿಯ ಕಡೆ ಇಳಿಯತೊಡಗಿದಳು. ದಾರಿಯ ನಡುವೆ ನಿಂತಿದ್ದ ಚೇರ್ಮನ್ ಮೈಲಿಗೆಗೆ ಹೆದರಿ ಪಕ್ಕಕ್ಕೆ ಸರಿಯುತ್ತಾನೆ ಎಂದು ಅವಳು ಕಾಯಲಿಲ್ಲ. ಅವನಿಗೆ ಹೆಗಲು ತಾಗಿಸಿಕೊಂಡೇ ದಾಟಿದಳು. ಅವಳ ಹಿಂದೆ ನೀಲಿ ಅಂಗಿಯ ಆಂಜಿನಪ್ಪ. ಅವನ ಹಿಂದೆ ಇಪ್ಪತ್ತೆರಡು ಮನೆಯವರು ಒಬ್ಬೊಬ್ಬರಾಗಿ ಚೇರ್ಮನ್ನನಿಗೆ ಹೆಗಲು ತಾಗಿಸಿ ಇಳಿದರು.